ಬದುಕಿರುವ ಅಜ್ಜಿಗೆ ಭೂತಕಾಲ ಯಾಕೆ?

ಪ್ರೀತಿಯ ಮಗೂ,

ನಿನ್ನ ಹಸ್ತಪ್ರತಿ ತಲುಪಿತು. ಎರಡು ಸಲ ಓದಿದೆ. ಅಧ್ಯಾಯ ಎಲ್ಲಿ ಒಡೆಯಬೇಕು, ಯಾವ ಪ್ರಕಾಶಕರಿಗೆ ಕೊಡಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ, ಬಿಡು. ನನ್ನ ತಕರಾರು ಒಂದೇ. ಡಿಮೆನ್ಶಿಯಾ ಬಂದಿರುವ ಅಜ್ಜಿ ಪಕ್ಕದ ಕೋಣೆಯಲ್ಲೇ ಇದ್ದಾರೆ ಅಂತ ಪತ್ರದಲ್ಲಿದೆ. ಕಥೆಯಲ್ಲಿ ನೋಡಿದರೆ ಮೊದಲ ಸಾಲಿನಿಂದಲೇ 'ಅಜ್ಜಿ ಹಾಡುತ್ತಿದ್ದರು, ಅಜ್ಜಿ ನಗುತ್ತಿದ್ದರು'. ಬದುಕಿರುವವರನ್ನು ಹೀಗೆ ಭೂತಕಾಲಕ್ಕೆ ತಳ್ಳಿಬಿಟ್ಟರೆ ಹೇಗೆ?

ಸಿಟ್ಟು ಬಂತು. ನಿನ್ನ ಮೇಲೆ ಕಡಿಮೆ, ನನ್ನ ಮೇಲೆ ಜಾಸ್ತಿ. ಇದೇ ತಪ್ಪು ನಾನೂ ಮಾಡಿದ್ದೇನೆ.

ಅಮ್ಮನಿಗೆ ಮರೆವಿನ ಕಾಯಿಲೆ ಬಂದಾಗ ಅವಳ ಬಗ್ಗೆ ಒಂದು ಕಥೆ ಬರೆದೆ. ಬೀಗ ಹಾಕಿದ ಮನೆಗೆ ಅವಳನ್ನು ಹೋಲಿಸಿದ್ದೆ. ಓದಿದವರು ಕಣ್ಣೀರು ಹಾಕಿದರು, ಬಹುಮಾನವೂ ಬಂತು. ಒಂದು ಮಧ್ಯಾಹ್ನ ಅವಳಿಗೇ ಓದಿ ಹೇಳಿದೆ. ಮಡಿಲಲ್ಲಿ ಒಂದು ಟವೆಲ್ ಇತ್ತು. ಅಂಚಿಗೆ ಅಂಚು ಕೂಡಿಸಿ ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ಕೊನೆವರೆಗೂ ಕೇಳಿ, 'ಪಾಪ, ಈ ಹೆಂಗಸಿಗೆ ಒಂದು ಮಾತೂ ಕೊಟ್ಟಿಲ್ವಲ್ಲ' ಅಂದಳು. ನಾನೇನು ಮಾಡಿದೆ ಗೊತ್ತಾ? 'ಅಮ್ಮಾ, ಅದು ನೀನೇ' ಅಂತ ತಿದ್ದಿದೆ. ಮಡಚುತ್ತಿದ್ದ ಕೈ ನಿಂತಿತು. ಸಂಜೆವರೆಗೂ ಅವಳು ಮಾತಾಡಲಿಲ್ಲ. ಆ ಕಥೆಗೆ ಬಂದ ಸರಿಯಾದ ವಿಮರ್ಶೆ ಅದೊಂದೇ, ಅದನ್ನೇ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನ್ನ ಹತ್ತನೇ ಪುಟ ತೆಗೆದು ನೋಡು. ಛತ್ರಿ ಅನ್ನುವ ಪದ ಸಿಗದೆ ಅಜ್ಜಿ 'ಮಳೆಗೆ ಹಿಡಿಯೋ ಮನೆ' ಅಂದರಂತೆ. ನೀನು ಅದನ್ನು ರೋಗದ ಲಕ್ಷಣ ಅಂತ ಬರೆದು ಮುಂದೆ ಹೋಗಿದ್ದೀಯ. ಇಡೀ ಹಸ್ತಪ್ರತಿಯಲ್ಲಿ ಅದಕ್ಕಿಂತ ಒಳ್ಳೆಯ ಸಾಲಿಲ್ಲ ಮಾರಾಯ್ತಿ! ಪದ ಕೈಕೊಟ್ಟಿತು, ಅವರು ಇನ್ನೊಂದು ಕಟ್ಟಿಕೊಂಡರು. ನಾವು ಮೇಜಿನ ಮುಂದೆ ಕೂತು ಮಾಡುವುದೂ ಅದನ್ನೇ ಅಲ್ವಾ?

ವಿಲಿಯಂ ಉಟರ್ಮೋಲೆನ್ ಎಂಬ ಚಿತ್ರಕಾರನಿಗೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದೆ ಅಂತ ಗೊತ್ತಾದದ್ದು 1995ರಲ್ಲಿ. ಆಮೇಲೂ ಕೆಲವು ವರ್ಷ ತನ್ನ ಮುಖವನ್ನೇ ಬರೆಯುತ್ತಾ ಹೋದ. ಮುಖ ಕದಡುತ್ತದೆ, ಕಣ್ಣು ಮೂಗು ಜಾಗ ತಪ್ಪುತ್ತವೆ. ಜನ ಅದರಲ್ಲಿ ಕುಸಿತವನ್ನು ನೋಡುತ್ತಾರೆ. ನನಗೆ ಕಾಣುವುದು ಅಷ್ಟಾದರೂ ಕುಂಚ ಕೆಳಗಿಡದ ಮನುಷ್ಯ. ಕಾದಂಬರಿಕಾರ ಟೆರ್ರಿ ಪ್ರಾಚೆಟ್ 2007ರಲ್ಲಿ ತನಗೂ ಆಲ್ಝೈಮರ್ ಇದೆ ಅಂತ ಎಲ್ಲರಿಗೂ ಹೇಳಿದ. ಟೈಪ್ ಮಾಡಲು ಆಗದಾದಾಗ ಬಾಯಲ್ಲಿ ಹೇಳಿ ಬರೆಸಿದ.

ಅಜ್ಜಿಯನ್ನು 'ನೆನಪಿದೆಯಾ?' ಅಂತ ಕೇಳಬೇಡ. ಅದು ಪರೀಕ್ಷೆ. ಒಂದು ಚಿತ್ರ ಕೈಗಿಟ್ಟು 'ಇಲ್ಲಿ ಏನಾಗ್ತಿದೆ?' ಅಂತ ಕೇಳು. ಮರೆವಿರುವವರ ಜೊತೆ ಸೇರಿ ಕಥೆ ಕಟ್ಟಲು ಆನ್ ಬೇಸ್ಟಿಂಗ್ 1998ರಲ್ಲಿ ಶುರು ಮಾಡಿದ ಟೈಮ್‌ಸ್ಲಿಪ್ಸ್ ಹಿಡಿದದ್ದೂ ಇದೇ ದಾರಿ. ಏನು ಹೇಳಿದರೂ ಸರಿಯೇ. ಹೇಳಿದ್ದನ್ನು ಹಾಗೇ ಬರೆದುಕೋ, ಅವರಿಗೆ ಓದಿ ಹೇಳು, ಬೇಡ ಅಂದ ಸಾಲು ತೆಗೆದುಬಿಡು.

ಸುಮ್ನೆ ಚಂದ ಮಾಡಿ ಬರೆ ಅಂತಿಲ್ಲ. ಸಂಜೆಯಾದರೆ ಬರುವ ಗಾಬರಿ, 'ನೀನ್ಯಾರು' ಅನ್ನುವ ಪ್ರಶ್ನೆ, ನಿನ್ನ ಸಿಡುಕು ಎಲ್ಲ ಇರಲಿ. ಆದರೆ ಬಚ್ಚಲಲ್ಲಿ ಅವರು ಬೆತ್ತಲೆ ನಿಂತು ಅತ್ತ ಪುಟ ಕಿತ್ತುಹಾಕು. ಮೊದಲಾಗಿದ್ದರೆ ಅವರೇ ಕದ ಹಾಕಿಕೊಳ್ಳುತ್ತಿದ್ದರು. ಈಗ ಆ ಕದ ಹಾಕಬೇಕಾದವಳು ನೀನು.

ತಿದ್ದಿದ ಪ್ರತಿ ಕಳಿಸು. ಹಾಂ, ಮಳೆಗೆ ಹಿಡಿಯೋ ಮನೆ ಅಂದಮೇಲೆ ಅಜ್ಜಿ ಇನ್ನೇನಂದರು ಅಂತ ನೀನು ಬರೆದೇ ಇಲ್ಲ. ಯಾರು ಇರ್ತಾರಂತೆ ಆ ಮನೆಯಲ್ಲಿ? ಕೇಳಿ ಬರೆ.