ಅಜ್ಜಿಗೆ ಸರಿ, ನನಗೆ ಬೇಡ

ಶ್ರೀನಿವಾಸಪುರ ತಾಲೂಕು, ಕೋಲಾರ

ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಅಜ್ಜಿ ಪಕ್ಕದಲ್ಲೇ ಕೂತಿದ್ದಳು. ಮರೆವಿನ ಕಾಯಿಲೆ ಈಗ ರಕ್ತದಲ್ಲೇ ಗೊತ್ತಾಗುತ್ತದೆ, ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ ನೀನು. ಅಜ್ಜಿಗೆ ಸರಿ. ನನಗೆ ಬೇಡ.

ಬೆಂಗಳೂರಿನ ಡಾಕ್ಟರ್ ಮೊದಲು ಪ್ರಶ್ನೆ ಕೇಳಿದರು. ನೂರರಿಂದ ಏಳೇಳು ಕಳೆಯಿರಿ, ಗಡಿಯಾರದ ಚಿತ್ರ ಬರೆಯಿರಿ ಅಂದರು. ಶಾಲೆಯ ಮೆಟ್ಟಿಲು ಹತ್ತದವಳ ಕೈಗೆ ಪೆನ್ಸಿಲ್! ಅಜ್ಜಿ ತೆಲುಗಿನಲ್ಲಿ ಏನೋ ಗೊಣಗಿ ನನ್ನ ಮುಖ ನೋಡಿದಳು. ಮಂಡಿಯವರು ಕ್ಯಾಲ್ಕುಲೇಟರ್ ಒತ್ತುವುದರೊಳಗೆ ತೋತಾಪುರಿ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವಳು ಅವಳು. ಅಂಕ ಕಡಿಮೆ ಬಂತು. ಅದು ಕಾಯಿಲೆಯಿಂದಲೋ, ಓದು ಬಾರದ್ದರಿಂದಲೋ? ಆದರೆ ಸಾರಿಗೆ ಎರಡು ಸಲ ಉಪ್ಪು ಹಾಕುವುದು, ತಾತ ಇನ್ನೂ ಸಂತೆಯಿಂದ ಬರಲಿಲ್ಲ ಅಂತ ಬಾಗಿಲಲ್ಲಿ ಕಾಯುವುದು, ಇದಕ್ಕೆಲ್ಲ ಓದು ಕಾರಣ ಅಲ್ಲ ಅಲ್ವಾ.

ರಕ್ತಪರೀಕ್ಷೆ ನೀವು ಎಷ್ಟನೇ ಕ್ಲಾಸು ಅಂತ ಕೇಳುವುದಿಲ್ಲ. ನನಗೆ ಹಿಡಿಸಿದ್ದು ಅದೇ. ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆಯಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಮಿದುಳಿನಲ್ಲಿ ಕೂರುತ್ತದೆ, ಟೌ ಅನ್ನುವ ಇನ್ನೊಂದು ಪ್ರೋಟೀನ್ ಸಿಕ್ಕುಗಟ್ಟುತ್ತದೆ. ಆ ಟೌನದೇ ಒಂದು ರೂಪ, ಪಿ-ಟೌ 217, ರಕ್ತದಲ್ಲಿ ಒಂದಿಷ್ಟು ಸಿಗುತ್ತದೆ. ಮುಂಚೆ ಮಿದುಳಿನ ಪೆಟ್ ಸ್ಕ್ಯಾನ್ ಮಾಡಬೇಕಿತ್ತು, ಇಲ್ಲ ಬೆನ್ನಿನ ನೀರು ತೆಗೆಯಬೇಕಿತ್ತು. 2025ರ ಮೇ ತಿಂಗಳಲ್ಲಿ ಔಷಧಿ, ಪರೀಕ್ಷೆಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಯಾರಿಗೆ ಗೊತ್ತಾ? ಮರೆವು ಆಗಲೇ ಕಾಣಿಸಿಕೊಂಡವರಿಗೆ.

ಅಜ್ಜಿಯದೂ ಅಷ್ಟು ಸಲೀಸಲ್ಲ. ಸಕ್ಕರೆ ಕಾಯಿಲೆಯಿಂದ ಅವಳ ಕಿಡ್ನಿ ಸೋತಿದೆ. ಕಿಡ್ನಿ ಸರಿಯಿಲ್ಲದವರಲ್ಲಿ ಪಿ-ಟೌ ಸುಮ್ನೆ ಜಾಸ್ತಿ ತೋರಿಸಬಹುದಂತೆ. ಅದಕ್ಕೇ ಮೊದಲು ಬಿ12 ವಿಟಮಿನ್, ಥೈರಾಯ್ಡ್ ನೋಡಿದರು. ಅವು ಕಡಿಮೆಯಾದರೂ ಮರೆವು ಬರುತ್ತದೆ, ಅದು ಔಷಧಿಗೆ ಬಗ್ಗುತ್ತದೆ. ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಗಿದೆ. ಮೂರು ತಿಂಗಳು ನೋಡಿ ಪಿ-ಟೌ ಮಾಡಿಸುತ್ತೇನೆ.

ಇನ್ನು ನಾನು. ಅಮಿಲಾಯ್ಡ್ ಕೂರುವುದು ಮರೆವು ಕಾಣುವ 15-20 ವರ್ಷ ಮುಂಚೆಯೇ ಶುರುವಂತೆ. ನನಗೀಗ 52. ಇದ್ದರೂ ಇರಬಹುದು. ಆದರೆ ಅದು ಇದ್ದೂ ಕೊನೆವರೆಗೆ ಚೆನ್ನಾಗಿರುವವರಿದ್ದಾರೆ. ಹೊಸ ಔಷಧಿಗಳು ಮರೆವು ಶುರುವಾದವರಿಗೇ, ಅದೂ ಸ್ವಲ್ಪ ನಿಧಾನ ಮಾಡುತ್ತವೆ ಅಷ್ಟೆ. ಆ ರಿಪೋರ್ಟು ಬೀರುವಿನಲ್ಲಿಟ್ಟುಕೊಂಡು, ಬೀಗದಕೈ ಮರೆತಾಗಲೆಲ್ಲ ನಾನು ನಡುಗಬೇಕಾ? ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ, ಅದು ಸಾಕು.

ನಿನಗೆ ಹೇಳದ ಒಂದು ವಿಷಯ ಇದೆ, ಬೈಬೇಡ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ನಮ್ಮ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದಾರಲ್ಲ, ಅದರಲ್ಲಿ ನಾನೂ ಇದ್ದೇನೆ. ರಕ್ತ ಕೊಟ್ಟಿದ್ದೇನೆ. ನನ್ನ ಭವಿಷ್ಯ ಕೇಳೋಕೆ ಅಲ್ಲ. ಈ ಪರೀಕ್ಷೆಗಳ ಅಳತೆಗಳು ಹೆಚ್ಚಾಗಿ ಹೊರದೇಶದವರ ರಕ್ತದಿಂದ ಬಂದವು. ನಮ್ಮೂರವರದ್ದೂ ಸೇರಲಿ ಅಂತ.

ಬರುವಾಗ ಅಜ್ಜಿಯ ಕಿವಿ ಮಿಷನ್‌ಗೆ ಬ್ಯಾಟರಿ ತಾ, ಇಲ್ಲಿ ಸಿಗುತ್ತಿಲ್ಲ. ಕಿವಿ ಕೇಳಿಸದಿದ್ದರೂ ಮರೆವು ಜಾಸ್ತಿಯಾಗುತ್ತದಂತೆ. ಎರಡು ಪ್ಯಾಕೆಟ್ ತಾ, ಒಂದನ್ನು ಎಲ್ಲೋ ಬಚ್ಚಿಡುತ್ತಾಳೆ.

ನಿನ್ನ ಅಮ್ಮ