ವೀಲ್‌ಚೇರ್‌ನಲ್ಲಿ ಕೂತು ನೋಡುವ ಕಾರ್ಯಕ್ರಮದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಜಾಗೃತಿ ದಿನಕ್ಕೆ ಎಲ್ಲರೂ ಒಂದು ಗಂಟೆ ವೀಲ್‌ಚೇರ್‌ನಲ್ಲಿ ಕೂತು ನೋಡೋಣ ಅಂತ ಕೆಲವರು ಕೇಳಿದ್ದೀರಿ. ಉದ್ದೇಶ ಒಳ್ಳೆಯದೇ. ಆದರೂ ದಯವಿಟ್ಟು ಇದು ಬೇಡ.

ಮೊದಲ ಸಲ ಕೂತವರಿಗೆ ಕುರ್ಚಿ ನೇರ ಹೋಗುವುದಿಲ್ಲ, ಬಾಗಿಲ ಚೌಕಟ್ಟಿಗೆ ಗೆಣ್ಣು ಉಜ್ಜುತ್ತದೆ, ಸಣ್ಣ ಹೊಸ್ತಿಲು ಬಂದರೂ ಕೈ ಸೋಲುತ್ತದೆ, ಕೊನೆಗೆ ಎದ್ದು ನಿಂತು ಅಯ್ಯೋ ಪಾಪ ಅಂತಾರೆ. ಅದು ಹೊಸಬರ ಒದ್ದಾಟ, ದಿನಾ ವೀಲ್‌ಚೇರ್ ಬಳಸುವ ನಮ್ಮ ಬದುಕಲ್ಲ. ನಾನು ಮುಂದಿನ ಚಕ್ರ ಸ್ವಲ್ಪ ಎತ್ತಿ ಅದೇ ಹೊಸ್ತಿಲನ್ನು ಮಾತಾಡುತ್ತಲೇ ದಾಟುತ್ತೇನೆ. ಇದು ಕಲಿತದ್ದು, ಒಂದು ಗಂಟೆಯಲ್ಲಿ ಬರುವಂಥದ್ದಲ್ಲ. ಇನ್ನು, ನನ್ನನ್ನು ಬಿಟ್ಟು ಹಿಂದೆ ನಿಂತವರ ಹತ್ರ 'ಇವರಿಗೆ ಏನು ಬೇಕು' ಅಂತ ಕೇಳುತ್ತಾರಲ್ಲ, ಆ ನೋವು ಸುಮ್ನೆ ಕೂತು ನೋಡಿದರೆ ಗೊತ್ತಾಗುತ್ತಾ?

2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಇದೇ ಕಂಡಿತು. ಹೀಗೆ ಅಂಗವೈಕಲ್ಯವನ್ನು ಅನುಕರಿಸಿ ನೋಡಿದವರಲ್ಲಿ ಕನಿಕರ ಹೆಚ್ಚಿತು, ಜೊತೆಗೆ ಅಸಹಾಯಕತೆ, ತಮಗೂ ಹೀಗಾಗಬಹುದು ಎಂಬ ಭಾವನೆಯೂ ಹೆಚ್ಚಿತು. ಅಂಗವಿಕಲರ ಜೊತೆ ಬೆರೆಯುವ ಬಗೆಗಿನ ಮನೋಭಾವ ಮಾತ್ರ ಸುಧಾರಿಸಲಿಲ್ಲ.

ಬದಲಿಗೆ ಅಳತೆ ಟೇಪು ಹಿಡಿದು ಬನ್ನಿ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಹತ್ತುವುದು ಕಷ್ಟ, ಇಳಿಯುವಾಗ ಅಪಾಯ. ನಾವು ಸೇರುವ ಜಾಗದ್ದು ಎಷ್ಟಿದೆ ನೋಡೋಣ. ಶೌಚಾಲಯದ ಬಾಗಿಲನ್ನೂ ಅಳೆಯೋಣ. ವೀಲ್‌ಚೇರ್ ಬಳಸುವ ಇಬ್ಬರು ಮೂವರನ್ನು ಕರೆದು, ಅವರ ಸಮಯಕ್ಕೆ ಹಣ ಕೊಟ್ಟು, ಮಾತಾಡಿಸೋಣ.

ಬರುವವರು ಇಲ್ಲೇ ಹೆಸರು ಹಾಕಿ, ಟೇಪು ಇದ್ದವರು ಅದನ್ನೂ ತಿಳಿಸಿ.