ಗೆಳೆಯನಿಗೊಂದು ಪತ್ರ: ವಲೆಟ್ಟಾದಿಂದ ಶ್ರೀರಂಗಪಟ್ಟಣಕ್ಕೆ

ವಲೆಟ್ಟಾ, ಮಾಲ್ಟಾ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯ,

"ದ್ವೀಪ, ಕೋಟೆ ಅಂತ ಅಷ್ಟು ದೂರ ಯಾಕೋ ಹೋಗ್ತೀಯ? ಅವೆರಡೂ ನಮ್ಮನೆ ಹಿತ್ತಲಲ್ಲೇ ಇವೆ" ಎಂದು ಹೊರಡುವ ಮುಂಚೆ ಕಾಲೆಳೆದಿದ್ದೆಯಲ್ಲ. ಆವತ್ತು ಉತ್ತರ ಹೊಳೆಯಲಿಲ್ಲ, ಸುಮ್ನೆ ನಕ್ಕು ಬಂದೆ. ಈಗ ನಾಲ್ಕು ದಿನ ಮೆಡಿಟರೇನಿಯನ್ ಸಮುದ್ರದ ಈ ಪುಟ್ಟ ದ್ವೀಪದೇಶದ ರಾಜಧಾನಿಯಲ್ಲಿ ಅಲೆದಾಡಿದ ಮೇಲೆ ಹೊಳೆದಿದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತುಕೋ.

ನಾನು ಮಾತಾಡಲು ಬಂದ ಸಮ್ಮೇಳನ ನಡೆದ ಕಟ್ಟಡವೇ ಮೊದಲ ಆಶ್ಚರ್ಯ. ಹೆಸರು ಮೆಡಿಟರೇನಿಯನ್ ಕಾನ್ಫರೆನ್ಸ್ ಸೆಂಟರ್. ಗಾಜು, ಸ್ಟೀಲು ಇರುತ್ತೆ ಅಂದುಕೊಂಡು ಹೋದರೆ ಕಲ್ಲಿನ ಹಳೇ ಆಸ್ಪತ್ರೆ! 1574ರಲ್ಲಿ ಕಟ್ಟಲು ಶುರು ಮಾಡಿದ್ದು. ಒಂದೇ ಒಂದು ವಾರ್ಡು 155 ಮೀಟರ್ ಉದ್ದ ಇದೆ. ಈ ತುದಿಯಲ್ಲಿ ನಿಂತರೆ ಆ ತುದಿಯಲ್ಲಿರುವವನ ಮುಖ ಗುರುತು ಸಿಗುವುದಿಲ್ಲ. ಇಲ್ಲಿ ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಬಡಿಸುತ್ತಿದ್ದರಂತೆ. ಬೆಳ್ಳಿ ಶುದ್ಧ ಅನ್ನುವ ಕಾರಣಕ್ಕೆ. ನಮಗೆ ಊಟ ಕೊಟ್ಟದ್ದು ಕಾಗದದ ತಟ್ಟೆಯಲ್ಲಿ. ಕಾಲ ಕೆಟ್ಟಿತು ಅನ್ನಬೇಕೋ ಬೇಡವೋ ಗೊತ್ತಾಗಲಿಲ್ಲ.

ಕೋಲಾರದ ಕೊಳವೆಬಾವಿಗಳ ಮೇಲಿನ ನನ್ನ ಮಾತಿಗೆ ಊಟ ಮುಗಿದ ಮೇಲಿನ ಹೊತ್ತು ಕೊಟ್ಟಿದ್ದರು. ಅರ್ಧ ಜನ ತೂಕಡಿಸುತ್ತಿದ್ದರು. ಆ ವಿಷಯ ಅಲ್ಲಿಗೇ ಬಿಡೋಣ.

ಆ ಆಸ್ಪತ್ರೆ ಕಟ್ಟಿದವರು ಸಂತ ಜಾನನ ನೈಟ್‌ಗಳು. ಅರ್ಧ ಸನ್ಯಾಸಿಗಳು, ಅರ್ಧ ಸೈನಿಕರು. 1522ರಲ್ಲಿ ತುರ್ಕರಿಗೆ ರೋಡ್ಸ್ ದ್ವೀಪ ಬಿಟ್ಟುಕೊಟ್ಟು ನೆಲೆ ಇಲ್ಲದೆ ಅಲೆಯುತ್ತಿದ್ದಾಗ, 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಅವರಿಗೆ ಮಾಲ್ಟಾ ಕೊಟ್ಟ. ಬಾಡಿಗೆ ವರ್ಷಕ್ಕೆ ಒಂದು ಡೇಗೆ ಹಕ್ಕಿ. ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟು ಸುಸ್ತಾದವರಿಗೆ ಇದನ್ನು ಹೇಳಬಾರದು. 1565ರಲ್ಲಿ ತುರ್ಕರು ಇಲ್ಲಿಗೂ ಬಂದರು. ಮೇ ತಿಂಗಳಲ್ಲಿ ಶುರುವಾದ ಮುತ್ತಿಗೆ ಸೆಪ್ಟೆಂಬರಿಗೆ ಮುಗಿಯಿತು, ನೈಟ್‌ಗಳು ಉಳಿದುಕೊಂಡರು. ಮಾರನೇ ವರ್ಷವೇ, 1566ರ ಮಾರ್ಚ್ 28ಕ್ಕೆ, ಬರಿಯ ಬಂಡೆಗುಡ್ಡದ ಮೇಲೆ ಹೊಸ ಊರಿಗೆ ಅಡಿಗಲ್ಲು. ಮುಖಂಡ ಲಾ ವಲೆಟ್‌ನ ಹೆಸರೇ ಊರಿಗೆ. ಪಾಪ, ಊರು ಎದ್ದು ನಿಲ್ಲುವುದನ್ನು ನೋಡಲಿಲ್ಲ, 1568ರಲ್ಲಿ ತೀರಿಕೊಂಡ.

ಊರು ಪುಟ್ಟದು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಕಾಲು ಗಂಟೆ ಚಿಲ್ಲರೆ. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ. ಆದರೆ ನೆಲ ಏರು ತಗ್ಗು, ಅನೇಕ ಬೀದಿ ಅಂದರೆ ಮೆಟ್ಟಿಲೇ. ಕಲ್ಲು ಸವೆದು ನುಣುಪಾಗಿದೆ, ಮೊದಲ ದಿನವೇ ಜಾರಿ ಕೂತೆ. ಮನೆಗಳಿಗೆ ಹಸಿರು, ಕೆಂಪು, ನೀಲಿ ಬಣ್ಣದ ಮುಚ್ಚಿದ ಮರದ ಬಾಲ್ಕನಿಗಳು. ಕಲ್ಲು ಜೇನಿನ ಬಣ್ಣದ್ದು. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ, ಕರಾವಳಿಯ ಕೆಂಪು ಕಲ್ಲಿನ ಹಾಗೆ.

ನಾನು ನಿಜಕ್ಕೂ ಬೆರಗಾದದ್ದು ಗೋಡೆ ನೋಡಿ ಅಲ್ಲ ಕಣೋ, ಗೋಡೆಯ ಕೆಳಗಿನದನ್ನು ನೋಡಿ. ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ಒಂದೇ ಒಂದು ನದಿ ಇಲ್ಲ. ವರ್ಷವಿಡೀ ನೀರು ನಿಲ್ಲುವ ಸಹಜ ಕೆರೆಯೂ ಇಲ್ಲ. ಊರು ಕಟ್ಟುವಾಗಲೇ ನಿಯಮ ಮಾಡಿದರು: ಮನೆ ಕಟ್ಟುವವನು ಮನೆಯಡಿ ಬಂಡೆ ಕೊರೆದು ಮಳೆನೀರಿನ ತೊಟ್ಟಿ ಮಾಡಲೇಬೇಕು. ಕೊರೆದ ಕಲ್ಲು ಮನೆಗಾಯಿತು, ಕೊರೆದ ಗುಂಡಿ ನೀರಿಗಾಯಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮನೆಗೊಂದು ಸಂಪು. ಬೆಂಗಳೂರಿನಲ್ಲಿ ಮಳೆನೀರು ಹಿಡಿಯಿರಿ ಎಂದು ಕಾನೂನು ಬಂದದ್ದು 2009ರಲ್ಲಿ. ಅದಕ್ಕೂ ನಾವು ಎಷ್ಟು ಗೊಣಗಿದೆವು, ಅಲ್ವಾ? ಈಗ ಇಲ್ಲಿ ಕುಡಿಯುವ ನೀರಿನ ಅರ್ಧಕ್ಕಿಂತ ಜಾಸ್ತಿ ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು. ಹೋಟೆಲಿನ ನಲ್ಲಿ ನೀರು ನನಗಂತೂ ಸಪ್ಪೆ ಸಪ್ಪೆ, ಜೊತೆಗೆ ಸ್ವಲ್ಪ ಉಪ್ಪುಪ್ಪು. ನಿನ್ನ ದ್ವೀಪಕ್ಕೆ ಎರಡೂ ಕಡೆ ಕಾವೇರಿ. ಬಗ್ಗಿ ಬೊಗಸೆಯಲ್ಲಿ ಎತ್ತಿಕೊಂಡರೆ ಆಯಿತು. ಇವರ ದ್ವೀಪಕ್ಕೆ ಸುತ್ತಲೂ ನೀರು, ಕುಡಿಯೋಕೆ ಹನಿ ಇಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. 1798ರ ಜೂನ್ 9ಕ್ಕೆ ನೆಪೋಲಿಯನ್ ದೊಡ್ಡ ಹಡಗುಪಡೆ ಕಟ್ಟಿಕೊಂಡು ಈ ಬಂದರಿನ ಮುಂದೆ ನಿಂತ. ಕೇಳಿದ್ದು ಏನು ಗೊತ್ತಾ? ನೀರು. ಹಡಗುಗಳಿಗೆ ಕುಡಿಯುವ ನೀರು ತುಂಬಿಸಿಕೊಳ್ಳಬೇಕು, ಒಳಗೆ ಬಿಡಿ ಅಂದ. ಒಂದು ಸಲಕ್ಕೆ ಕೆಲವೇ ಹಡಗು ಬರಲಿ ಎಂದು ನೈಟ್‌ಗಳು ಹೇಳಿದರು. ಅವನಿಗೆ ಅಷ್ಟೇ ನೆವ ಬೇಕಿತ್ತು. ಮಂಡ್ಯ ಜಿಲ್ಲೆಯವನಾದ ನಿನಗೆ ನೀರಿನ ಜಗಳ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಾನು ಹೇಳಿಕೊಡಬೇಕಾ? ಮೂರು ದಿನದಲ್ಲಿ ಕೋಟೆ ಅವನದಾಯಿತು. ತುರ್ಕರಿಗೆ ಜಗ್ಗದವರು ಕಟ್ಟಿದ ಗೋಡೆ, ಹೆಚ್ಚುಕಮ್ಮಿ ಹೊಡೆದಾಟವೇ ಇಲ್ಲದೆ ಹೋಯಿತು. ನೈಟ್‌ಗಳಲ್ಲಿ ಹೆಚ್ಚಿನವರು ಫ್ರೆಂಚರೇ ಆಗಿದ್ದರು, ತಮ್ಮವರ ಮೇಲೆ ಕತ್ತಿ ಎತ್ತಲು ಮನಸ್ಸಿರಲಿಲ್ಲ. ನೆಪೋಲಿಯನ್ ಇಲ್ಲಿದ್ದದ್ದು ಒಂದು ವಾರದಷ್ಟು. ಅಷ್ಟರಲ್ಲೇ ಗುಲಾಮರನ್ನು ಬಿಡುಗಡೆ ಮಾಡಿದ, ಹೊಸ ಕಾನೂನು ಬರೆಸಿದ, ಬೆಳ್ಳಿಬಂಗಾರ ಬಾಚಿಕೊಂಡು ಈಜಿಪ್ಟಿಗೆ ಹೊರಟ.

ಅವನು ಉಳಿದುಕೊಂಡಿದ್ದ ಮನೆ ಮರ್ಚೆಂಟ್ಸ್ ಬೀದಿಯಲ್ಲಿದೆ. ಈಗ ವಿದೇಶಾಂಗ ಸಚಿವಾಲಯ. ಅದರ ಎದುರು ನಿಂತಾಗ ನಿನ್ನ ನೆನಪು ಬಂತು. ಯಾಕೆಂದರೆ ಇಲ್ಲಿಂದ ಈಜಿಪ್ಟಿಗೆ ಹೋದ ಆ ಮನುಷ್ಯನೇ, 1799ರ ಜನವರಿಯಲ್ಲಿ, ಕೈರೋದಲ್ಲಿ ಕೂತು ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ಹತ್ತಿರ ಬಂದಿದ್ದೇನೆ, ಇಂಗ್ಲಿಷರಿಂದ ನಿನ್ನನ್ನು ಬಿಡಿಸಬೇಕೆಂದಿದ್ದೇನೆ, ನಂಬಿಕಸ್ಥರನ್ನು ಕಳಿಸು ಎಂಬ ಅರ್ಥದ್ದು. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಚಿಕ್ಕಂದಿನಲ್ಲಿ ನಾವು ಈಜಿ ಬಂದು ಬಟ್ಟೆ ಒಣಗಿಸುತ್ತಿದ್ದ ಆ ನೀರುಬಾಗಿಲು ಇದೆಯಲ್ಲ, ಟಿಪ್ಪು ಸತ್ತದ್ದು ಅದರ ಹತ್ತಿರವೇ. ಪತ್ರ ತಲುಪಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ ಅಂತ ನನ್ನ ಲೆಕ್ಕ. ನೆಪೋಲಿಯನ್ನನ ಹಡಗುಪಡೆ ಹಿಂದಿನ ವರ್ಷದ ಆಗಸ್ಟಿನಲ್ಲೇ ಇಂಗ್ಲಿಷರ ನೌಕಾಪತಿ ನೆಲ್ಸನ್ ಕೈಯಲ್ಲಿ ಹಾಳಾಗಿ ಹೋಗಿತ್ತು. ಯಾವುದರಲ್ಲಿ ಬರುತ್ತಿದ್ದ?

ಹೀಗೆ ನಿನ್ನ ಹಿತ್ತಲ ಕತೆಯ ಒಂದು ಎಳೆ ಇಲ್ಲಿ ಸಿಕ್ಕಿತು. ಅದಕ್ಕೇ ಅಷ್ಟು ದೂರ ಬಂದದ್ದು ಅಂದುಕೋ.

ಇನ್ನೂ ಒಂದೆರಡು ಮಾತಿದೆ. ಇವರ ಭಾಷೆ ಕೇಳಿದರೆ ಅರಬ್ಬಿಯ ಹಾಗಿದೆ, ಬರೆಯೋದು ಇಂಗ್ಲಿಷಿನ ಥರದ ಅಕ್ಷರದಲ್ಲಿ. ಪಕ್ಕಾ ಕ್ಯಾಥೊಲಿಕರು, ಆದರೆ ದೇವರಿಗೆ 'ಅಲ್ಲಾ' ಅನ್ನುತ್ತಾರೆ. ಈಸ್ಟರಿಗೆ ಮುಂಚಿನ ಉಪವಾಸದ ಹೆಸರು 'ರಂದಾನ್'. ಜಗತ್ತಿಗೆ 'ದಿನ್ಯಾ', ನಮ್ಮ ದುನಿಯಾದ ಅಣ್ಣನೋ ತಮ್ಮನೋ. ನಾನಂತೂ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಪ್ರಾರ್ಥನೆ ಕೇಳಿಸಿಕೊಂಡೆ. ಒಂದು ಕ್ಷಣ ಎಲ್ಲಿದ್ದೇನೆ ಅಂತ ಮರೆತೇ ಹೋಯಿತು.

ಇಲ್ಲಿನ ಸೇಂಟ್ ಜಾನ್ ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊನ ದೊಡ್ಡ ಚಿತ್ರ ಇದೆ, ಸಂತ ಜಾನನ ತಲೆ ಕಡಿಯುವುದು. 1608ರದು. ಅವನು ಸಹಿ ಮಾಡಿದ ಒಂದೇ ಚಿತ್ರ ಇದು. ಸಹಿ ಹಾಕಿದ್ದು ಸಂತನ ಕತ್ತಿನಿಂದ ಹರಿದ ರಕ್ತದಲ್ಲಿ. ಆಮೇಲೆ ಹೊಡೆದಾಟ ಮಾಡಿಕೊಂಡು ಜೈಲು ಸೇರಿದ, ಅಲ್ಲಿಂದ ತಪ್ಪಿಸಿಕೊಂಡ. ಅವನನ್ನು ನೈಟ್‌ಗಳ ಕೂಟದಿಂದ ಹೊರಹಾಕಿದ ಸಭೆ ನಡೆದದ್ದು ಇದೇ ಚಿತ್ರದ ಮುಂದೆ!

ಊಟದ ಚಿಂತೆ ಬೇಡ. ಬಟಾಣಿ ಹೂರಣದ 'ಪಸ್ತಿಟ್ಸಿ' ಅಂತ ಒಂದು ತಿಂಡಿ ಇದೆ, ಪದರ ಪದರವಾಗಿ ಗರಿಗರಿ. ಮೂರು ದಿನ ಅದರಲ್ಲೇ ಕಳೆದೆ. ಅಂಗಡಿಯ ಹುಡುಗ ಮಲಯಾಳಿ. ಬೆಂಗಳೂರು ಅಂದಿದ್ದಕ್ಕೆ ಒಂದು ಜಾಸ್ತಿ ಹಾಕಿಕೊಟ್ಟ.

ಮಧ್ಯಾಹ್ನ 12ಕ್ಕೆ ಮೇಲಿನ ಬರಕ್ಕಾ ತೋಟದ ಕೆಳಗೆ ಫಿರಂಗಿ ಹಾರಿಸುತ್ತಾರೆ. ಹಿಂದೆ ಬಂದರಿನ ಹಡಗಿನವರು ಆ ಸದ್ದಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಈಗ ನಾವು ಕಿವಿ ಮುಚ್ಚಿಕೊಂಡು ವಿಡಿಯೊ ಮಾಡುತ್ತೇವೆ. ನಿನಗೂ ಕಳಿಸಿದ್ದೇನೆ, ನೋಡಿದೆಯಾ?

ನಾಳೆ ಬೆಳಿಗ್ಗೆ ವಿಮಾನ. ಬ್ರಿಟಿಷರು ಬಿಟ್ಟುಹೋದ ಕೆಂಪು ಅಂಚೆಪೆಟ್ಟಿಗೆಗೆ ನಿನ್ನ ಹೆಸರಿಗೆ ಒಂದು ಕಾರ್ಡ್ ಹಾಕಿದ್ದೇನೆ. ಶ್ರೀರಂಗಪಟ್ಟಣಕ್ಕೆ ಬರೆದವರ ಅದೃಷ್ಟ ಅಷ್ಟಕ್ಕಷ್ಟೇ, ತಲುಪಿದರೆ ಒಂದು ಫೋನ್ ಮಾಡು. ಇನ್ನೊಂದು ಕೆಲಸ: ಕೋಟೆಯೊಳಗೆ ಹಳೇ ಬಾವಿ ಎಷ್ಟಿವೆ, ಎಷ್ಟರಲ್ಲಿ ಇನ್ನೂ ನೀರಿದೆ, ಎಣಿಸಿ ಇಡು. ಮುಂದಿನ ಭಾನುವಾರ ಬರುತ್ತೇನೆ, ಇಬ್ಬರೂ ಹಗ್ಗ ಇಳಿಬಿಟ್ಟು ಆಳ ನೋಡೋಣ.

ನಿನ್ನ ಗೆಳೆಯ